ಜೀಪಿನಲ್ಲಿ ಹೋದ ಫೋಟೊ

ಕಡ್ಡಿರಾಂಪುರ
ಗುರುವಾರ, ೧೧ ಜನವರಿ ೨೦೨೪

ಮುನಿಸಿಕೊಂಡು ಕೂತಿರುವ ತ್ರಿವೇಣಿಗೆ,

ನಿನ್ನ ಗಂಡ ಚೆನ್ನಾಗಿದ್ದಾನೆ. ಈ ಮಾತನ್ನು ಮೊದಲೇ ಬರೆಯಬೇಕಾಯಿತು, ಯಾಕೆಂದರೆ ಭಾನುವಾರದಿಂದ ಅರ್ಧ ಕಂಪ್ಲಿ ನಾನು ಸತ್ತೆನೆಂದೇ ನಂಬಿದೆಯಂತೆ. ಫೋನು ಬಂದ್ ಮಾಡಿಟ್ಟಿದ್ದೇನೆ. ತೆರೆದರೆ ಮೊದಲು ಬರುವುದು ಅಣ್ಣನ ಬೈಗುಳ, ಅದಕ್ಕೆ ಹೆದರಿ ಈ ಕಾಗದ. ಗಡಿ ಕಾದ ಸುಬೇದಾರನ ಧೈರ್ಯ ನೋಡು!

ಅವತ್ತು ನಾನು ಹೊಸಪೇಟೆಯವರೆಗೆ ಬರಲೇ ಇಲ್ಲ, ಮುನಿರಾಬಾದಿನಲ್ಲಿ ಇಳಿದುಬಿಟ್ಟೆ. ನಿವೃತ್ತನಾಗಿ ಬರುವ ಯೋಧನಿಗೆ ತೆರೆದ ಜೀಪು, ಡಿಜೆ, ದಾರಿಯುದ್ದಕ್ಕೂ ಹೂವು ಈಗ ನಮ್ಮ ಕಡೆ ಪದ್ಧತಿಯೇ ಆಗಿದೆ. ಅಣ್ಣ ಮರುಳಸಿದ್ದಪ್ಪ ಅಕ್ಕಿ ಮಿಲ್ಲಿಗೆ ರಜೆ ಕೊಟ್ಟು ಎಲ್ಲ ಏರ್ಪಾಟು ಮಾಡಿದ್ದ. ಜೀಪಿನಲ್ಲಿ ನೀನು ನನ್ನ ಪಕ್ಕ ಕೂರಬೇಕಿತ್ತು. ಕೊನೆಗೆ ಕಂಪ್ಲಿಯ ವೇದಿಕೆಯಲ್ಲಿ ಯುದ್ಧದ ಬಗ್ಗೆ ನಾಲ್ಕು ಮಾತು ನನ್ನದು. ಆ ನಾಲ್ಕು ಮಾತಿಗೇ ನಾನು ಹೆದರಿದ್ದು. ಸುಳ್ಳು ಹೇಳಲು ಬಾಯಿ ಬರುತ್ತಿರಲಿಲ್ಲ. ನಿಜ ಹೇಳಿದ್ದರೆ ಜನರೆದುರು ತಲೆ ತಗ್ಗಿಸಬೇಕಾದವಳು ನೀನು.

ಆಮೇಲೆ ನಡೆದದ್ದನ್ನು, ಅವತ್ತೇ ಇಲ್ಲಿ ಸಿಕ್ಕ ಆಟೋ ಓಡಿಸುವ ಕನಕರಾಜ್ ಹೇಳಿದ. ಈ ಕಾಗದ ನಿನಗೆ ತಲುಪಿಸುವವನೂ ಅವನೇ. ರೈಲು ಬಂತು, ನಾನಿಲ್ಲ. ಜೀಪು ಖಾಲಿ ಹೋಗಬಾರದೆಂದು ಅಣ್ಣ, ವೇದಿಕೆಗೆಂದು ಕಟ್ಟಿಸಿದ್ದ ನನ್ನ ದೊಡ್ಡ ಫೋಟೊವನ್ನು ಸೀಟಿನ ಮೇಲಿಟ್ಟು, ನನಗೆ ತಂದ ಹಾರವನ್ನು ಅದಕ್ಕೇ ಹಾಕಿಸಿ ಮೆರವಣಿಗೆ ಹೊರಡಿಸಿದನಂತೆ. ಸಮವಸ್ತ್ರದ ಫೋಟೊ, ಮೇಲೆ ಹಾರ, ಮುಂದೆ ಬಾವುಟ! ಕಮಲಾಪುರ ದಾಟುವಷ್ಟರಲ್ಲಿ ಜನ ಚಪ್ಪಲಿ ಬಿಟ್ಟು ಕೈಮುಗಿಯತೊಡಗಿದರಂತೆ. ಅಂಗಡಿಯವರು ಬಾಗಿಲು ಅರ್ಧಕ್ಕೆ ಇಳಿಸಿದರಂತೆ. ಅಮರ್ ರಹೇ ಎಂಬ ಕೂಗೂ ಎದ್ದಿತಂತೆ. "ಸಾಹೇಬ್ರ, ಫೋಟೊದಾಗ ನೀವು ಭಾಳ ಮಸ್ತ್ ಕಾಣ್ತಿದ್ರಿ" ಎಂದ ಕನಕರಾಜ್. ನಾನು ನಕ್ಕೆ, ಆಮೇಲೆ ನಗು ತಾನಾಗಿ ನಿಂತಿತು. ಬದುಕಿ ಬಂದವನಿಗಿಂತ ಸತ್ತವನೇ ಊರಿಗೆ ಹೆಚ್ಚು ಇಷ್ಟ ಅನ್ನಿಸಿತು. ಅವನು ವೇದಿಕೆ ಹತ್ತಿ ಮಾತಾಡುವುದಿಲ್ಲವಲ್ಲ.

ಇಲ್ಲಿ ಜಂಬಕ್ಕನ ಹೋಮ್‌ಸ್ಟೇಯಲ್ಲಿದ್ದುಕೊಂಡು ದಿನವೂ ಹಂಪಿ ಅಲೆಯುತ್ತೇನೆ. ಎಚ್ಚರವೋ ಕನಸೋ ತಿಳಿಯದ ಹಾಗೆ ಹೊತ್ತು ಸರಿಯುತ್ತದೆ. ಬೆಳಗಿನ ಮಂಜಿನಲ್ಲಿ ಬಂಡೆಗಳು ಬುಡವೇ ಇಲ್ಲದಂತೆ ತೇಲುತ್ತವೆ, ಬಾಳೆತೋಟದೊಳಗೆ ಎಲ್ಲೋ ನೀರು ಹರಿಯುವ ಸಪ್ಪಳ. ಹಜಾರರಾಮನ ಗುಡಿಯ ಹೊರಗೋಡೆಯ ಮುಂದೆ ಸುಮ್ಮನೆ ಕೂತರೆ ಕಲ್ಲಿನ ಕುದುರೆಗಳು ಮೆಲ್ಲಗೆ ನಡೆಯತೊಡಗುತ್ತವೆ. ಹಿಂದೆ ಆನೆ, ಕಾಲಾಳು, ಕುಣಿಯುವ ಹೆಂಗಸರು. ಡಿಜೆ ಒಂದಿಲ್ಲ, ಉಳಿದಂತೆ ನಮ್ಮಣ್ಣನ ಏರ್ಪಾಟೇ. ಸಾಮ್ರಾಜ್ಯ ಎಲ್ಲಿಂದ ಎಲ್ಲಿಯವರೆಗೆ ಹಬ್ಬಿತ್ತೆಂದು ಗೈಡು ಕೈ ಚಾಚಿ ತೋರಿಸುತ್ತಿದ್ದ. ನಾನು ಕಾಲಾಳುಗಳ ಮುಖ ನೋಡುತ್ತಿದ್ದೆ. ಇವರು ಯಾರ ಹೊಲ ತುಳಿದುಕೊಂಡು ಹೋದರೋ, ಆ ಹೊಲದವರಿಗೆ ಈ ಗೋಡೆಯಲ್ಲಿ ಜಾಗವಿಲ್ಲ. ಮುಂದೆ ಇದೇ ಪಟ್ಟಣವನ್ನು ಬೇರೆಯವರ ಕಾಲಾಳುಗಳು ಬಂದು ಸುಟ್ಟರು. ಅವರೂರಲ್ಲಿ ಅವರಿಗೂ ಮೆರವಣಿಗೆ ಆಗಿರಬೇಕು.

ಕೊನೆಯ ಪೋಸ್ಟಿಂಗಿನಲ್ಲಿ ನಾವಿದ್ದ ಕಡೆ ಗಡಿಯ ಒಂದು ಹಳ್ಳಿಯನ್ನು ಖಾಲಿ ಮಾಡಿಸಿದ್ದರು. ಮೆಕ್ಕೆಜೋಳ ಬಲಿತು ನಿಂತಿತ್ತು, ಕೊಯ್ಯುವವರಿಲ್ಲ. ಒಬ್ಬ ಮುದುಕ ಕುಡುಗೋಲು ಹಿಡಿದು ಬಂದ. ಯಾರನ್ನೂ ಬಿಡಬಾರದೆಂದು ಹುಕುಂ ಇತ್ತು, ತಡೆದೆ. ನಿಮ್ಮೂರಲ್ಲಿ ನಿಮ್ಮ ಬೆಳೆ ಯಾರು ಕೊಯ್ಯುತ್ತಾರೆ ಎಂದು ಕೇಳಿದ. ಅಣ್ಣ ಎಂದೆ. ನಿನ್ನನ್ನು ಇಲ್ಲಿಗೆ ಕಳಿಸಿದವರಿಗೆ ಹೊಲ ಇದೆಯೋ ಎಂದ. ಆಮೇಲೆ ಬಂದ ದಾರಿಯಲ್ಲೇ ಹೋದ. ಈಗಲೂ ಕಣ್ಣು ಮುಚ್ಚಿದರೆ ಆ ಜೋಳ ನಮ್ಮ ಕಂಪ್ಲಿ ಕಾಲುವೆಯ ದಡದಲ್ಲಿ ನಿಂತಿರುತ್ತದೆ. ಗಾಳಿಗೆ ಗರಿಗಳು ಸರಸರ ಅನ್ನುತ್ತವೆ, ಯಾರೂ ಬರುವುದಿಲ್ಲ.

ನನ್ನ ಜೊತೆಯ ಹುಡುಗರ ಧೈರ್ಯ ಸುಳ್ಳಲ್ಲ, ತ್ರಿವೇಣಿ. ಆ ಧೈರ್ಯವನ್ನು ದೂರ ಕೂತು ಖರ್ಚು ಮಾಡುವವರ ಮಾತು ಸುಳ್ಳು. ಗೆದ್ದ ನೆಲದ ಮೇಲೆ ನಿಂತು ನೋಡಿದ್ದೇನೆ, ಅಲ್ಲಿ ಗೆದ್ದಂತೆ ಏನೂ ಕಾಣಲಿಲ್ಲ. ಇಷ್ಟನ್ನು ಕಂಪ್ಲಿಯಲ್ಲಿ ನಿಂತು ಹೇಳಬೇಕು. ಹೇಳಿದರೆ ಅಣ್ಣ ಮನೆಯೊಳಗೆ ಸೇರಿಸಲಿಕ್ಕಿಲ್ಲ, ಊರು ಹೇಡಿ ಅಂದೀತು. ಅದನ್ನೆಲ್ಲ ತಡೆದುಕೊಳ್ಳುತ್ತೇನೆ. ನೀನು ಹಾಗಂದರೆ ಮಾತ್ರ ತಡೆಯಲಾರೆ. ಇಂಥ ಗಂಡ ನಿನಗೆ ಬೇಕಾದರೆ ಶನಿವಾರ ಬೆಳಗಿನ ಬಸ್ಸಿಗೆ ಕಮಲಾಪುರಕ್ಕೆ ಬಾ, ಸ್ಟ್ಯಾಂಡಿನಲ್ಲಿ ನಿಂತಿರುತ್ತೇನೆ. ನಿನ್ನ ಜೊತೆಯೇ ಊರಿಗೆ ಬಂದು ಹೇಳುತ್ತೇನೆ. ಬರದಿದ್ದರೂ ನಿನ್ನ ಮೇಲೆ ನನಗೆ ಸಿಟ್ಟಿಲ್ಲ.

ನಿನ್ನ ದಾರಿ ನೋಡುತ್ತಿರುವ,
ರೇವಣಸಿದ್ದ

ಮರೆತದ್ದಲ್ಲ, ನಾಚಿಕೊಂಡು ಬಿಟ್ಟದ್ದು: ಭಾನುವಾರ ಸಂಜೆ ನಾನು ಕಂಪ್ಲಿಗೆ ಬಂದಿದ್ದೆ. ಸುದ್ದಿ ಕೇಳಿದವನೇ ಕನಕರಾಜನ ಆಟೋ ಹತ್ತಿ ನಮ್ಮ ಓಣಿಯವರೆಗೆ ಬಂದೆ, ಇಳಿಯದೆ ಒಳಗಿನಿಂದಲೇ ನೋಡಿದೆ. ಕಟ್ಟೆಯ ಮೇಲೆ ಹೆಂಗಸರು ನಿನ್ನನ್ನು ಸುತ್ತುವರಿದು ಅಳುತ್ತಿದ್ದರು. ನಡುವೆ ನೀನು, ಹಸಿರು ರೇಷ್ಮೆ ಸೀರೆ, ತಲೆತುಂಬ ಹೂವು. ಯಾರೋ ಆ ಹೂವು ತೆಗೆ ಎಂದರು. "ಯಾಕ ತೆಗೀಲಿ? ಅವ್ರು ಸತ್ತಿಲ್ಲ. ಮೆರವಣಿಗಿ ಬ್ಯಾಡಾಗಿ ಎಲ್ಲೋ ಕುಂತಾರ. ನನಗೂ ಬ್ಯಾಡಾಗಿತ್ತು, ಯಾರು ಕೇಳಿದ್ರಿ?" ಅಂದೆ ನೀನು. ಕೇಳದವರಲ್ಲಿ ಮೊದಲನೆಯವನು ನಾನೇ. ಮುಖ ತೋರಿಸಲಾಗದೆ ಅಲ್ಲಿಂದಲೇ ಹಿಂದಿರುಗಿದೆ.