ಈರುಳ್ಳಿ ಅಂಗಡಿಯಲ್ಲಿ ನನ್ನ ಸರದಿ

ರೂಲಿ ಅಕ್ಕನಿಗೆ,

ತಾಯಿ ಮರಿಯಮ್ಮ ನಿಮ್ಮ ಮಂಡಿಗೂ ನಿಮ್ಮ ಹಳೆಯ ಸೈಕಲ್ಲಿಗೂ ಕಾವಲಿರಲಿ.

ಈ ಪತ್ರವನ್ನು ನಮ್ಮ ತಿಗ್ರಿನ್ಯಾ ಭಾಷೆಯಲ್ಲೇ ಬರೆಯುತ್ತಿದ್ದೇನೆ. ನನ್ನ ಮಗಳು ರಿಗ್ಬೆ ನಿಮ್ಮೆದುರು ಕೂತು ಡಚ್ಚಿನಲ್ಲಿ ಓದಿ ಹೇಳುತ್ತಾಳೆ. ಅವಳು ಖಾರದ ಮಾತಿಗೆ ಸಕ್ಕರೆ ಬೆರೆಸುವ ಹುಡುಗಿ. ಒಂದು ಸಾಲೂ ಬಿಡಬಾರದೆಂದು ಮಾತು ತೆಗೆದುಕೊಂಡಿದ್ದೇನೆ. ಆದರೂ ಓದುತ್ತಾ ತಡವರಿಸಿದರೆ ಅಲ್ಲೇನೋ ನುಂಗಿದಳೆಂದು ತಿಳಿಯಿರಿ, ಮತ್ತೊಮ್ಮೆ ಓದಿಸಿ.

ನೀವು ಪಾಠಕ್ಕೆ ಬಂದ ಮೊದಲ ಬುಧವಾರದಿಂದಲೇ ನನಗೆ ನಿಮ್ಮ ಮೇಲೆ ಅನುಮಾನವಿತ್ತು. ಸಂಬಳವಿಲ್ಲ, ನೆಂಟಸ್ತಿಕೆಯಿಲ್ಲ, ಒಂದೇ ಚರ್ಚಿನವರೂ ಅಲ್ಲ. ಅಂಥ ಹೆಂಗಸು ಎದುರುಗಾಳಿಯಲ್ಲಿ ಸೈಕಲ್ ತುಳಿದು ಬಂದು, ಪರದೇಶದವಳೊಬ್ಬಳಿಗೆ ಪುಕ್ಕಟೆ ಮಾತು ಕಲಿಸುವುದೆಂದರೇನು? ನನ್ನ ಮೇಲೆ ಕಣ್ಣಿಡಲು ನಗರಸಭೆಯವರೇ ಕಳಿಸಿರಬೇಕು ಅಂದುಕೊಂಡೆ. ನೀವು ನನ್ನ ಅಡುಗೆಮನೆಯ ಕಪಾಟಿನತ್ತ ಕಣ್ಣು ಹಾಯಿಸಿದಾಗಲೆಲ್ಲ ಏನು ಬರೆದುಕೊಳ್ಳುತ್ತಾರೋ ಎಂದು ನೋಡುತ್ತಿದ್ದೆ. ನಮ್ಮಲ್ಲಿ ಕಾಫಿ ಮೂರು ಸುತ್ತು, ಮೂರನೆಯದು ಆಶೀರ್ವಾದದ್ದು. ನೀವು ಒಂದು ಕಪ್ಪು ಕುಡಿದು ಗಡಿಯಾರ ನೋಡಿ ಎದ್ದುಬಿಟ್ಟಿರಿ. ಆಶೀರ್ವಾದ ಬೇಡವೆಂದು ಎದ್ದುಹೋದವರನ್ನು ನಾನು ಹೇಗೆ ನಂಬಲಿ?

ಆದರೂ ಬಾಗಿಲು ತೆಗೆದೆ, ರಿಗ್ಬೆಗಾಗಿ. ಈ ಊರಿಗೆ ಬಂದಂದಿನಿಂದ ಅಂಗಡಿಯಲ್ಲಿ ನನ್ನ ಬಾಯಿ ಅವಳೇ ಆಗಿದ್ದಳು. ನರ್ಸಿಂಗ್ ಓದಲು ಉತ್ರೆಕ್ಟಿಗೆ ಹೋದ ಮೇಲೂ ಪ್ರತಿ ಶನಿವಾರ ಎರಡು ತಾಸು ರೈಲಿನಲ್ಲಿ ಕೂತು ನನ್ನ ಹಿಟ್ಟು, ನನ್ನ ಮಾತ್ರೆ ಕೊಡಿಸಲು ಬರುತ್ತಿದ್ದಳು. ಶನಿವಾರದ ವಾರ್ಡ್ ಕೆಲಸ ತಪ್ಪಿದರೆ ವರ್ಷವೇ ಹೋಗುತ್ತದೆಂದು ಅವಳ ಶಿಕ್ಷಕಿ ಎಚ್ಚರಿಸಿದ್ದರಂತೆ. ಅವಳು ನನಗೆ ಹೇಳಿದ್ದು ಬೇರೆ: "ಓದು ಆಮೇಲೂ ಇರುತ್ತಮ್ಮ. ನಿನ್ನನ್ನ ಹಿಂಗೆ ಬಿಟ್ಟು ನನಗೆ ಆಗಲ್ಲ." ಐದನೇ ತರಗತಿಗೆ ನನ್ನ ಶಾಲೆ ನಿಂತಿತು. ನನ್ನಿಂದಾಗಿ ಅವಳದೂ ನಿಲ್ಲುವುದೇ?

ನೀವು ಒಂದು ಹಾಳೆಯ ತುಂಬ ಬರೆದುಕೊಟ್ಟಿರಿ. ಇದು ಅರ್ಧ ಕಿಲೋ ಕೊಡಿ. ಸುಮ್ಮನೆ ನೋಡುತ್ತಿದ್ದೇನೆ. ಚೀಲ ಬೇಡ. ರಸೀದಿ ಬೇಕು. ನಮ್ಮ ಬುಧವಾರ ಶುಕ್ರವಾರದ ಉಪವಾಸಕ್ಕಾಗಿ, ಇದರಲ್ಲಿ ಹಾಲಿದೆಯಾ ಎಂಬುದನ್ನು ಕೆಂಪಕ್ಷರದಲ್ಲಿ ಬರೆದಿರಿ. ಕಟ್ಟಕಡೆಗೆ, ಇಕ್ ಬೆನ್ ಆನ್ ಡ ಬ್ಯೋರ್ಟ್, ಈಗ ನನ್ನ ಸರದಿ. ಅದೊಂದನ್ನು ನಾನು ಬಾಯಿಗೆ ತರಲೇ ಇಲ್ಲ. ನಮ್ಮೂರ ಬಾವಿಯ ಹತ್ತಿರ ಹಿರಿಯಳು ಮೊದಲು ತುಂಬಿಕೊಳ್ಳುತ್ತಾಳೆ, ಯಾರೂ ಹೇಳಬೇಕಿಲ್ಲ. ನಾನು, ನನ್ನದು ಎಂದು ಮುಂದೆ ನುಗ್ಗುವವಳನ್ನು ನಮ್ಮ ಪಾದ್ರಿಗಳು ಮೆಚ್ಚುವುದಿಲ್ಲ. ನೀವು ನಕ್ಕಿದ್ದಿರಿ. "ಇಲ್ಲಿ ಸುಮ್ನೆ ನಿಂತ್ರೆ ನಿಂತೇ ಇರ್ತೀಯ, ಅಬ್ರೆಹೆತ್. ಅಂಗಡಿ ಬಾಗಿಲು ಹಾಕೋ ತನಕ."

ಆಮೇಲೆ ನೀವು ಅಂಗಡಿಯ ಹೊರಗೆ ಸೈಕಲ್ ಹಿಡಿದು ನಿಲ್ಲುವುದು, ನಾನು ಒಳಗೆ ಹೋಗುವುದು ಶುರುವಾಯಿತು. ಬೇಕರಿಯವಳು ನನ್ನ ಹರಕು ಮಾತು ಮುಗಿಯುವ ತನಕ ಕಾಯುತ್ತಿದ್ದಳು. ಔಷಧಿ ಅಂಗಡಿಯ ಮುದುಕ ಪದಪದ ಬಿಡಿಸಿ ಹೇಳುತ್ತಿದ್ದ. ಯಾರೂ ಇಂಗ್ಲಿಷಿಗೆ ಹಾರಲಿಲ್ಲ, ಯಾರೂ ಮುಖ ತಿರುಗಿಸಲಿಲ್ಲ. ನಮ್ಮ ಚರ್ಚಿನ ಹೆಂಗಸರ ಮುಂದೆ ನಾನು ಕೊಚ್ಚಿಕೊಂಡೆ. ರಿಗ್ಬೆಗೆ ಫೋನ್ ಮಾಡಿ, ನಿನ್ನ ತಾಯಿಗೆ ಬಾಯಿ ಬಂದಿದೆ, ಇನ್ನು ಬರಬೇಡ ಎಂದೆ. ಆದರೆ ಇಷ್ಟು ಸಲೀಸಾಗಿ ಎಲ್ಲರಿಗೂ ನನ್ನ ಮಾತು ಅರ್ಥವಾಗುವುದು ಹೇಗೆ ಎಂದು ಒಳಗೆ ಕೊರೆಯುತ್ತಲೇ ಇತ್ತು.

ಹೀಗಿರುವಾಗ ಒಂದು ಬುಧವಾರ ಬೇಕರಿಯಲ್ಲಿ ಗಾಜು ಒರೆಸಲೆಂದು ಒಳಬದಿಗೆ ಅಂಟಿಸಿದ್ದ ಚೀಟಿಗಳನ್ನೆಲ್ಲ ಕಿತ್ತು ಕಟ್ಟೆಯ ಮೇಲಿಟ್ಟಿದ್ದರು. ಒಂದರಲ್ಲಿ ನನ್ನ ಹೆಸರಿತ್ತು, ನಿಮ್ಮ ಅಕ್ಷರದಲ್ಲಿ. ನಿಮ್ಮ ಬಾಲವಿರುವ ಅಕ್ಷರ ನನಗೆ ಗೊತ್ತಿಲ್ಲವೇ? ಅಬ್ರೆಹೆತ್ ಬುಧವಾರ ಬರುತ್ತಾಳೆ. ನಿಧಾನ ಮಾತಾಡಿ. ಇಂಗ್ಲಿಷ್ ಬೇಡ. ಅವಳು ಮುಗಿಸುವ ತನಕ ಕಾಯಿರಿ. ಬೇಕರಿಯವಳು ಹೆಮ್ಮೆಯಿಂದಲೇ ಹೇಳಿದಳು: "ರೂಲಿ ಎಲ್ಲಾ ಅಂಗಡಿಗೂ ಕೊಟ್ಟಿದ್ದಾಳೆ."

ಹಾಗಾದರೆ ನಾನು ಮಾತಾಡಿರಲಿಲ್ಲ. ಹಸುಗೂಸು ತೊದಲಿದ್ದಕ್ಕೆ ಮನೆಮಂದಿ ಚಪ್ಪಾಳೆ ತಟ್ಟಿದ ಹಾಗಾಗಿತ್ತು. ಮಗಳಿಗೆ ಹೇಳಿದ್ದು ಸುಳ್ಳಾಯಿತು. ಅಂದೇ ಅವಳಿಗೆ ನಿಜ ಹೇಳಿದೆ, ಶನಿವಾರ ಮತ್ತೆ ಬಂದಳು. ನೀವು ಮೂರು ಬುಧವಾರ ಕರೆಗಂಟೆ ಒತ್ತಿದಿರಿ. ನಾನು ಒಳಗೇ ಇದ್ದೆ. ಪರದೆಯ ಸಂದಿಯಿಂದ ನೋಡುತ್ತಿದ್ದೆ. ನಾಲ್ಕನೆಯ ಬುಧವಾರ ಬಾಗಿಲ ಕಿಂಡಿಯಿಂದ ಲಕೋಟೆ ಬಿತ್ತು. ಅದನ್ನು ಒಡೆಯದೆ ಮರಿಯಮ್ಮನ ಪಟದ ಹಿಂದೆ ಸಿಕ್ಕಿಸಿದೆ. ಇದರಲ್ಲೇನು ಉಪಾಯವಿದೆಯೋ ನೀನೇ ನೋಡಿಕೋ ತಾಯಿ ಎಂದೆ.

ಕಳೆದ ಗುರುವಾರ ಬಸ್ ಹತ್ತಿ ಪಕ್ಕದ ಊರಿನ ಸಂತೆಗೆ ಹೋದೆ. ನಿಮ್ಮ ಚೀಟಿ ಅಲ್ಲಿಗೆ ತಲುಪಿರಲಾರದು ಎಂದುಕೊಂಡೆ. ಆದರೂ ಹೂವಿನ ಅಂಗಡಿಯ ಮರೆಯಲ್ಲಿ ನಿಂತು ತರಕಾರಿಯವನನ್ನು ಚೆನ್ನಾಗಿ ಗಮನಿಸಿದೆ. ಅವನು ಯಾರಿಗೂ ಕಾಯುವವನಲ್ಲ. ತೂಗುತ್ತಾ, ಬೈಯುತ್ತಾ, ಹಾಡುತ್ತಾ ಇದ್ದ. ಸಾಲೆಂಬುದೇ ಇರಲಿಲ್ಲ. ಯಾರು ಮೊದಲು ಬಂದರೆಂಬುದನ್ನು ಅವರವರೇ ನೆನಪಿಟ್ಟುಕೊಂಡು, ಅವನು ಯಾರ ಸರದಿ ಎಂದಾಗ ಕೂಗಬೇಕು. ಹೋಗಿ ನಿಂತೆ. ಸೈಕಲ್ ಚೀಲದವಳೊಬ್ಬಳು ನನಗಿಂತ ಮುಂಚೆ ಕೂಗಿದಳು. ಆಮೇಲೆ ಕೂಸನ್ನೆತ್ತಿಕೊಂಡವಳು. ಬಾಯಿಯೊಳಗೇ ಜಪ ಮಾಡುತ್ತಾ ನಿಂತೇ ಇದ್ದೆ. ಮೂರನೆಯ ಸಲ ನಾಯಿ ಹಿಡಿದಿದ್ದ ಹಸಿರು ಕೋಟಿನ ಮುದುಕನೊಬ್ಬ ಕೈ ಎತ್ತಿದ. ರಿಗ್ಬೆ ರೈಲಿನ ಕಿಟಕಿಗೆ ತಲೆ ಆನಿಸಿ ನಿದ್ದೆ ಹೋಗುವುದು ನೆನಪಾಯಿತು. ಇಕ್ ಬೆನ್ ಆನ್ ಡ ಬ್ಯೋರ್ಟ್ ಎಂದೆ. ದನಿ ನನ್ನದೇ ಎಂದು ನನಗೇ ನಂಬಿಕೆ ಬರಲಿಲ್ಲ.

ಮುದುಕ ತಿರುಗಿದ. "ಎಲ್ಲಿಂದ ಬಂತಮ್ಮ ನಿನ್ನ ಸರದಿ? ನಾನು ಆವಾಗಿಂದ ನಿಂತಿದೀನಿ."

"ಇಲ್ಲ," ಎಂದೆ. "ನಿಮ್ಮ ನಾಯಿ ನನ್ನ ಚೀಲ ಮೂಸಿತು. ಆವಾಗ ನೀವು ಬಂದ್ರಿ. ನಾನು ಆಗ್ಲೇ ಇಲ್ಲಿದ್ದೆ."

ಈ ಸಾಲು ನಿಮ್ಮ ಹಾಳೆಯಲ್ಲಿಲ್ಲ, ಅಕ್ಕ. ಯಾವ ಹಾಳೆಯಲ್ಲೂ ಇಲ್ಲ.

ತರಕಾರಿಯವನು ಹೊಟ್ಟೆ ಹಿಡಿದು ನಕ್ಕ. "ತಾತ, ಬಿಡು. ನಿನ್ನ ನಾಯಿನೇ ಆಕೆ ಕಡೆ ಸಾಕ್ಷಿ ಹೇಳ್ತಿದೆ." ಮುದುಕ ನನಗೂ ನಾಯಿಗೂ ಸೇರಿಸಿ ಏನೇನೋ ಗೊಣಗಿದ. ಅರ್ಧ ತಿಳಿಯಲಿಲ್ಲ, ಆದರೆ ಅವನು ಒಂದು ಪದವನ್ನೂ ನನಗಾಗಿ ನಿಧಾನ ಮಾಡಲಿಲ್ಲ. ಐದು ಕಿಲೋ ಈರುಳ್ಳಿ ಕೇಳಿದೆ. ಹೋಟೆಲ್ ಇಡುತ್ತೀಯಾ ಎಂದು ತರಕಾರಿಯವನು ಛೇಡಿಸಿದ. ನನ್ನ ಮಗಳಿಗೆ ಎಂದೆ.

ಬಸ್ಸಿನಲ್ಲಿ ಶಿಲುಬೆಯ ಗುರುತು ಹಾಕಿಕೊಂಡೆ. ನಯವಾದ ಮಾತನ್ನು ಯಾರು ಬೇಕಾದರೂ ಮೊದಲೇ ಹೇಳಿಟ್ಟು ಆಡಿಸಬಹುದು. ಜಗಳವನ್ನು ಯಾರೂ ನನಗಾಗಿ ಏರ್ಪಾಡು ಮಾಡಿರಲಾರರು. ಹಾಗಾದರೆ ಇದು ನಿಜ. ರಿಗ್ಬೆಗೆ ಫೋನ್ ಮಾಡಿ, ಈ ಶನಿವಾರ ವಾರ್ಡಿಗೆ ಹೋಗು, ಸಾಧ್ಯವಾದರೆ ಭಾನುವಾರ ಊಟಕ್ಕೆ ಬಾ, ಚೀಲ ಹೊರಲಿಕ್ಕೆ ಬರಬೇಡ ಎಂದೆ. ಅವಳು ನಾಯಿಯ ಕತೆಯನ್ನು ಇನ್ನೊಮ್ಮೆ ಹೇಳಿಸಿಕೊಂಡಳು.

ಭಾನುವಾರ ಅವಳು ನಿಮ್ಮ ಲಕೋಟೆ ಒಡೆದು ಓದಿದಳು. ಬೇಕರಿಯವಳಿಂದ ನಿಮಗೆ ವಿಷಯ ತಿಳಿದಿರಬೇಕು. ಎರಡೇ ಸಾಲು: "ಚೀಟಿಯ ವಿಷಯ ನಿನ್ನಿಂದ ಬಚ್ಚಿಟ್ಟದ್ದು ನನ್ನ ತಪ್ಪು. ಚೀಟಿ ಕೊಟ್ಟದ್ದು ತಪ್ಪೆಂದು ಹೇಳಲಾರೆ."

ಅವಳು ಮೆಲ್ಲಗೆ ನನ್ನ ಮುಖ ನೋಡಿದಳು, ಸಿಟ್ಟು ಬಂತೇನೋ ಎಂದು. ಬರಲಿಲ್ಲ. ಹಸಿರು ಕೋಟಿನವನ ಹಾಗೆಯೇ ನೀವೂ ನಯ ಮಾಡದೆ ನನಗೆ ನೇರವಾಗಿ ಹೇಳಿದ್ದೀರಿ. ಆ ಮೂರು ಬುಧವಾರ ಬಾಗಿಲು ತೆಗೆಯದೆ ನಿಮ್ಮನ್ನು ಗಾಳಿಯಲ್ಲಿ ನಿಲ್ಲಿಸಿದ್ದು ನನ್ನ ತಪ್ಪು. ಕ್ಷಮಿಸಿ. ನೀವು ಯಾಕೆ ಬರುತ್ತೀರೆಂಬ ಅನುಮಾನ ಪೂರ್ತಿ ಹೋಗಿಲ್ಲ. ಇದ್ದರೆ ಇರಲಿ, ಅದನ್ನು ಇಟ್ಟುಕೊಂಡೇ ಬಾಗಿಲು ತೆಗೆಯುತ್ತೇನೆ.

ಅಂಗಡಿಗಳಿಂದ ಆ ಚೀಟಿಗಳನ್ನು ನೀವೇ ಕಿತ್ತು ತನ್ನಿ. ಬೇಕರಿಯವಳಿಗೆ ನನಗಾಗಿ ಕಾಯಬೇಡವೆಂದು ಹೇಳಿ. ಬರುವ ಗುರುವಾರ ಸಂತೆಗೆ ಒಟ್ಟಿಗೆ ಹೋಗೋಣ, ಆಮೇಲೆ ನಮ್ಮ ಮನೆಗೆ ಬಂದು ಮೂರನೆಯ ಕಾಫಿ ಮುಗಿಯುವ ತನಕ ಗಡಿಯಾರ ನೋಡದೆ ಕೂರಬೇಕು. ಸಂತೆಯಲ್ಲಿ ನನ್ನ ಪಕ್ಕ ನಿಲ್ಲಿ. ತರಕಾರಿಯವನು ಯಾರ ಸರದಿ ಎಂದಾಗ ಮಾತ್ರ ನೀವು ಬಾಯಿ ತೆಗೆಯಬೇಡಿ. ಮೊದಲು ನನ್ನದು, ಆಮೇಲೆ ನಿಮ್ಮದು.

ದೇವರು ನಿಮಗೆ ಹಿಂದಿನಿಂದ ಬೀಸುವ ಗಾಳಿಯನ್ನೇ ಕೊಡಲಿ.

ನಿಮ್ಮ ತಂಗಿ,
ಅಬ್ರೆಹೆತ್