ಬಂಡೆಯ ಹಿಂದೆ ನೋಡುವುದು ಬಾಕಿ

ಮಾವಳ್ಳಿ
ಸೋಮವಾರ, ೧೦ ಮಾರ್ಚ್ ೨೦೦೮

ಪ್ರಿಯಾಳ ಅಪ್ಪನಿಗೆ,

ನಿಮ್ಮ ದೇವಿ ಮಾಡುವ ನಮಸ್ಕಾರ. ಹೇಗಿದ್ದೀರಿ? ಮೈಯಲ್ಲಿ ಹುಷಾರಿದೆಯಾ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀರಾ? ನೀವು ರತ್ನಾಗಿರಿಯ ಬೋಟಿನಲ್ಲಿ ಕೆಲಸಕ್ಕಿದ್ದ ವರ್ಷ ನಾನು ಬರೆದ ಕಾಗದಗಳೆಲ್ಲ ಹೀಗೇ ಶುರುವಾಗುತ್ತಿದ್ದವು. ಬೇರೆ ರೀತಿ ಬರೆಯಲು ನನಗೆ ಬರುವುದಿಲ್ಲ. ಚೌತಿ ಕಳೆದ ವಾರ ಎದ್ದ ಗಾಳಿಗೆ ನಿಮ್ಮ ಬೋಟು ಮುಳುಗಿದ ಮೇಲೆ, ನಿಮ್ಮ ಬಗ್ಗೆ ನನಗೆ ಹೇಳಲು ಬರುವವರೇ ಎಲ್ಲ. ಅದಕ್ಕೇ ನೇರ ನಿಮ್ಮನ್ನೇ ಕೇಳಿಬಿಡೋಣ ಅಂತ ಕೂತಿದ್ದೇನೆ. ಈ ಕಾಗದಕ್ಕೆ ವಿಳಾಸ ಇಲ್ಲ ಅಂತ ನನಗೂ ಗೊತ್ತು, ನನಗೇನು ತಲೆ ಕೆಟ್ಟಿಲ್ಲ. ಆವತ್ತು ಗಾಳಿ ತಿರುಗಿದೆ, ಇವತ್ತೊಂದು ದಿನ ಬಿಡಿ ಅಂತ ಬಾಗಿಲಲ್ಲಿ ನಿಂತು ಬಡಿದುಕೊಂಡೆ. ನೀವು ನನ್ನ ಮಾತನ್ನು ಯಾವತ್ತು ಕೇಳಿದವರು? ಚಹಾ ಕುಡಿದು, ಲೋಟವನ್ನು ಕಟ್ಟೆಯ ಮೇಲೇ ಇಟ್ಟು ಹೊರಟೇಬಿಟ್ಟಿರಿ. ನನಗೆ ನಿಮ್ಮ ಮೇಲೆ ಇನ್ನೂ ಸಿಟ್ಟಿದೆ.

ಅತ್ತೆ ಇದ್ದಾರೆ. ಮೊಣಕಾಲು ಹಿಡಿದುಕೊಂಡಿದೆ, ಬಾಯಿ ಮಾತ್ರ ಹಿಡಿದಿಲ್ಲ. ಗಂಡಸರು ನೀರಿನ ಮೇಲಿರುವಾಗ ಮನೆಯಲ್ಲಿ ಸಾವಿನಂಥ ಕೆಟ್ಟ ಮಾತು ಆಡಬಾರದು ಎಂಬ ಅವರ ಕಟ್ಟಳೆ ನಿಮಗೆ ಗೊತ್ತೇ ಇದೆ. ನಿಮ್ಮ ಜೊತೆ ಬೋಟಿನಲ್ಲಿದ್ದ ಕುಪ್ಪಣ್ಣನ ಹೆಣ ತದಡಿ ಕಡೆ ದಡಕ್ಕೆ ಬಂತು, ನಿಮ್ಮದು ಬರಲಿಲ್ಲ. ಬರದ ಕಾರಣ ಆ ಕಟ್ಟಳೆಯೂ ಮನೆಯಲ್ಲಿ ಹಾಗೇ ಉಳಿಯಿತು. ಪ್ರಿಯಾ ಕೇಳಿದಾಗೆಲ್ಲ ಅತ್ತೆ ಹೇಳುವುದು ಒಂದೇ ಮಾತು, "ಅಪ್ಪ ಕಡಲಿಗೆ ಹೋಯ್ದ, ಬತ್ತ." ನಾನೂ ಅದನ್ನೇ ಹೇಳಿದೆ. ಶಾಲೆಯ ಅಕ್ಕೋರಿಗೂ ಹೇಳಿದೆ, ರೇಷನ್ ಅಂಗಡಿಯವನಿಗೂ ಹೇಳಿದೆ. ನಿಮ್ಮ ಜಟ್ಟಿ ಮಾವ ಭಟ್ಕಳದಿಂದ ಮತ್ತೆ ಮತ್ತೆ ಬಂದು, ಹೆಣದ ಬದಲು ದರ್ಭೆಯ ಗೊಂಬೆ ಮಾಡಿ ಗೋಕರ್ಣದಲ್ಲಿ ಕ್ರಿಯೆ ಮುಗಿಸಿಬಿಡುವ ಅಂದರು. ಅವರು ನಿಮ್ಮನ್ನು ಎತ್ತಿ ಆಡಿಸಿದವರು, ಅವರಿಗೂ ಹೊಟ್ಟೆ ಉರಿಯುತ್ತದೆ. ಆದರೂ ನಾನು ಕರಿಮಣಿ ಹಿಡಿದುಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದೆ. ಅವರು ಚಹಾ ಸಹ ಕುಡಿಯದೆ ವಾಪಸ್ ಹೋಗುತ್ತಿದ್ದರು.

ಈಗ ಮುಖ್ಯ ಸುದ್ದಿ. ಗಾಬರಿಯಾಗಬೇಡಿ, ಮಗು ಈಗ ಹುಷಾರಾಗುತ್ತಿದ್ದಾಳೆ. ಸಂಕ್ರಾಂತಿಯ ನಂತರ ಒಂದು ದಿನ ನಾನು ಮೀನು ಬುಟ್ಟಿ ಹೊತ್ತು ಮುರ್ಡೇಶ್ವರಕ್ಕೆ ಹೋಗಿದ್ದೆ. ಇವಳು ಅಜ್ಜಿಗೆ ಸ್ನಾನಕ್ಕೆ ನೀರು ತೋಡಿಕೊಡುತ್ತೇನೆ ಅಂತ ಹಂಡೆಗೆ ಕೈ ಹಾಕಿದ್ದಾಳೆ. ಕುದಿಯುವ ನೀರು ಚೆಲ್ಲಿ ಬಲತೊಡೆಯಿಂದ ಮೊಣಕಾಲಿನವರೆಗೆ ಸುಟ್ಟುಹೋಯಿತು. ಹೊನ್ನಾವರದಲ್ಲಿ ತೋರಿಸಿದೆವು. ಅಲ್ಲಿಯವರು ಕುಮಟಾದ ಒಂದು ಆಸ್ಪತ್ರೆಗೆ ಕಳಿಸಿದರು. ಎರಡು ಬಸ್ಸು ಬದಲಿಸಿ, ಶರಾವತಿ ಸೇತುವೆ ದಾಟಿ, ಮಗುವನ್ನು ತೊಡೆ ಮೇಲೆ ಹಾಕಿಕೊಂಡು ಹೋಗಿ ಬರುವುದೇ ಕೆಲಸವಾಯಿತು. ಹುಣ್ಣಿಗೆ ಅಂಟಿದ ಬಟ್ಟೆ ಕಿತ್ತು ತೊಳೆಯುವುದನ್ನು ನೀವು ನೋಡಿಲ್ಲ, ನೋಡದಿದ್ದದ್ದೇ ಒಳ್ಳೆಯದು. ಅಲ್ಲಿ ಬೇರೆ ಮಕ್ಕಳು ಕೂಗುವುದು ಕೇಳಿಸಿದರೆ ನಾನು ಪ್ರಿಯಾಳ ಕಿವಿ ಮುಚ್ಚುತ್ತಿದ್ದೆ.

ಅಲ್ಲಿ ವಿನುತಾ ಅಂತ ಒಬ್ಬ ಡಾಕ್ಟರಮ್ಮ ಇದ್ದಾರೆ. ಚಿಕ್ಕ ಪ್ರಾಯ, ಒಳ್ಳೆಯ ಜೀವ. ಮಕ್ಕಳ ಆ ಸಂಕಟ ನೋಡಲಾರದೆ ಅವರೊಂದು ಯಂತ್ರ ತರಿಸಿದ್ದಾರೆ. ವರ್ಚುವಲ್ ರಿಯಾಲಿಟಿ ಅನ್ನುತ್ತಾರೆ, ಪ್ರಿಯಾ ಅದಕ್ಕೆ ಟೊಪ್ಪಿ ಅನ್ನುತ್ತಾಳೆ. ತಲೆಗೆ ಹಾಕಿ ಕಣ್ಣು ಮುಚ್ಚುವ ಹಾಗೆ ಎಳೆದುಕೊಂಡರೆ ಒಳಗೆ ಬೇರೆಯೇ ಲೋಕ ಕಾಣುತ್ತದೆ. ತಲೆ ತಿರುಗಿಸಿದ ಕಡೆ ನೋಡಬಹುದು, ಕೈಯಲ್ಲಿರುವ ಗುಂಡಿ ಒತ್ತಿದರೆ ಮುಂದೆ ಹೋಗಬಹುದು. ಮನಸ್ಸು ಅಲ್ಲಿ ಹೊಕ್ಕಿಕೊಂಡರೆ ಇಲ್ಲಿಯ ನೋವು ಅಷ್ಟು ತಾಗುವುದಿಲ್ಲವಂತೆ. ಹಿಮದ ಗುಡ್ಡದ ಚಿತ್ರವೂ ಇತ್ತು. ಆದರೆ ಇವಳು ಕಡಲ ಬದಿಯ ಮಗು, ಗುರುತಿನ ಜಾಗ ಇದ್ದರೆ ಹೆದರುವುದಿಲ್ಲ ಅಂತ ಡಾಕ್ಟರಮ್ಮ ಕಡಲ ತಳದ ಚಿತ್ರ ಹಾಕಿದರು. ಅಪ್ಪ ಎಂತ ಮಾಡುತ್ತಾರೆ ಅಂತ ಅವರು ಮೊದಲೇ ನನ್ನನ್ನು ಕೇಳಿದ್ದರು. ಕಡಲಿಗೆ ಹೋಗಿದ್ದಾರೆ ಅಂತ ಅವರಿಗೂ ಅದೇ ಉತ್ತರ ಕೊಟ್ಟಿದ್ದೆ.

ಪ್ರಿಯಾ ಅಳಲಿಲ್ಲ. ಸಿಸ್ಟರ್ ಬಟ್ಟೆ ಕಿತ್ತರು, ತೊಳೆದರು, ಇವಳು ತಲೆಯನ್ನು ಆ ಕಡೆ ಈ ಕಡೆ ತಿರುಗಿಸುತ್ತ ಗುಂಡಿ ಒತ್ತುತ್ತಲೇ ಇದ್ದಳು. ಡಾಕ್ಟರಮ್ಮನ ಖುಷಿ ಕೇಳಬೇಡಿ. ಬೇರೆ ಡಾಕ್ಟರರನ್ನು ಕರೆತಂದು ತೋರಿಸಿದರು, ಇಷ್ಟು ಚೆನ್ನಾಗಿ ಯಾವ ಮಗುವಿಗೂ ಹಿಡಿದಿಲ್ಲ ಅಂದರು. ನನಗೂ ಹೆಮ್ಮೆಯಾಯಿತು. ಅಪ್ಪನ ಹಾಗೆ ಗಟ್ಟಿ ಹುಡುಗಿ ಅಂತ ಬಸ್ಸಿನಲ್ಲಿ ಪಕ್ಕದವಳ ಹತ್ತಿರವೂ ಕೊಚ್ಚಿಕೊಂಡೆ.

ಹುಣ್ಣು ಮಾತ್ರ ಮಾಯಲಿಲ್ಲ. ಹೋದಾಗೆಲ್ಲ ಹೊಸ ಚರ್ಮ ಕಿತ್ತು ರಕ್ತ. ಒಂದು ದಿನ ಡಾಕ್ಟರಮ್ಮ ಮುಖ ಗಂಟಿಕ್ಕಿ, ಮನೆಯಲ್ಲಿ ಸರಿಯಾಗಿ ನೋಡಿಕೊಳ್ಳುತ್ತಿಲ್ಲವಾ, ಹೀಗೇ ಆದರೆ ಕಾಲು ಮಡಚಲು ಬರುವುದಿಲ್ಲ ಅಂದರು. ನನ್ನ ಪಿತ್ತ ನೆತ್ತಿಗೇರಿತು. ಒಲೆ, ಮೀನು, ಮುದುಕಿ, ಮಗು, ಎಲ್ಲ ನಾನೊಬ್ಬಳೇ ನೋಡುತ್ತಿದ್ದೇನೆ, ನೀವು ಬಂದು ಒಂದು ದಿನ ಇದ್ದು ನೋಡಿ ಅಂತ ಹೇಳಿಯೇಬಿಟ್ಟೆ. ಮರುದಿನ ಮಧ್ಯಾಹ್ನ ಬಲೆ ಒಣಗಿಸುವಲ್ಲಿ ಇವಳು ಕೂತಿದ್ದು ಕಂಡಿತು. ಪಟ್ಟಿ ಸರಿಸಿ, ಚಿಪ್ಪಿಯ ಚೂರಿನಿಂದ ಹುಣ್ಣು ಕೆರೆಯುತ್ತಿದ್ದಳು. ಹಲ್ಲು ಕಚ್ಚಿಕೊಂಡು, ಕಣ್ಣಲ್ಲಿ ನೀರು ಸುರಿಸಿಕೊಂಡು ಕೆರೆಯುತ್ತಿದ್ದಳು. ನನಗೆ ಏನು ಮಾಡಿದೆ ಅಂತ ಗೊತ್ತಾಗುವ ಮೊದಲೇ ಕೆನ್ನೆಗೆ ಬಾರಿಸಿದ್ದೆ. ಆಗ ಅವಳು ಬಿಕ್ಕುತ್ತ ಹೇಳಿದಳು, "ಹುಣ್ಣು ಗುಣ ಆದ್ರೆ ಡಾಕ್ಟ್ರು ಟೊಪ್ಪಿ ಕೊಡೂದಿಲ್ಲ ಅಮ್ಮಾ. ಅಲ್ಲೊಂದು ದೊಡ್ಡ ಬಂಡೆ ಇದೆ. ಅದ್ರ ಹಿಂದೆ ನಾ ಇನ್ನೂ ನೋಡ್ಲಿಲ್ಲ. ಅಪ್ಪ ಅಲ್ಲೇ ಇರೂದು."

ಚಿಪ್ಪಿಯ ಚೂರನ್ನು ಕಿತ್ತು ಎಸೆದೆ. ಅವಳ ಪಕ್ಕ ಹೊಯ್ಗೆಯ ಮೇಲೇ ಕೂತು ಪಟ್ಟಿ ಸರಿಮಾಡಿದೆ. ಇವಳು ನೋವು ಮರೆತಿರಲಿಲ್ಲ. ಇಷ್ಟು ದಿನ ನೋವು ತಡೆದುಕೊಂಡು ನಿಮ್ಮನ್ನು ಹುಡುಕುತ್ತಿದ್ದಳು. ಕಡಲಿಗೆ ಹೋದ ಅಪ್ಪ ಕಡಲಲ್ಲಿ ಸಿಗಬೇಕಲ್ಲ. ಅವಳನ್ನು ಅಲ್ಲಿಗೆ ಕಳಿಸಿದ್ದು ನಾವೇ.

ಮುಂದಿನ ಸಲ ಡಾಕ್ಟರಮ್ಮನಿಗೆ ಎಲ್ಲ ಹೇಳಿದೆ. ಅವರು ಕುರ್ಚಿ ಎಳೆದು ನನ್ನ ಪಕ್ಕ ಕೂತರು. ಆಮೇಲೆ ನನ್ನ ಕೈ ಹಿಡಿದು, ಇನ್ನು ಹಿಮದ ಚಿತ್ರ ಹಾಕುತ್ತೇನೆ ಅಂದರು. ಒಮ್ಮೆ ನನಗೂ ತೋರಿಸಿ ಅಂದೆ. ಟೊಪ್ಪಿ ಹಾಕಿಕೊಂಡೆ. ನೀಲಿ ನೀರು, ಆಟದ ಸಾಮಾನಿನ ಹಾಗೆ ಹಳದಿ, ಕೆಂಪು ಮೀನುಗಳು. ಸಾರಿಗೆ ಆಗುವ ಒಂದು ಬಂಗುಡೆಯೂ ಇಲ್ಲ! ಎಡಗಡೆ ಆ ಬಂಡೆ ಇತ್ತು. ಗುಂಡಿ ಎಷ್ಟು ಒತ್ತಿದರೂ ಅದರ ಹಿಂದೆ ಹೋಗಲು ಬಿಡುವುದಿಲ್ಲ, ಚಿತ್ರ ಮಾಡಿದವರು ಅಲ್ಲಿಗೇ ನಿಲ್ಲಿಸಿದ್ದಾರೆ. ನಗಬೇಡಿ, ನಾನೂ ಒತ್ತಿದೆ. ಡಾಕ್ಟರಮ್ಮ ಸಾಕು ಅನ್ನುವವರೆಗೆ ಒತ್ತಿದೆ.

ಆಸ್ಪತ್ರೆಯ ಹೊರಗೆ ಒಂದು ಕಲ್ಲುಬೆಂಚಿದೆ. ಅಲ್ಲಿ ಮಗುವನ್ನು ಕೂರಿಸಿಕೊಂಡು ಹೇಳಿದೆ. ಸುತ್ತಿ ಬಳಸಿ ಹೇಳಲಿಲ್ಲ. "ಅಪ್ಪ ಬರೂದಿಲ್ಲ ಮಗಾ. ಬೋಟು ಮುಳುಗಿ ಹೋತು. ಅಪ್ಪ ಸತ್ತೋದ್ರು." ಆ ಮಾತು ನನ್ನ ಬಾಯಿಂದ ಬಂದದ್ದು ಅದೇ ಮೊದಲು. ಅವಳು ನನ್ನ ಮುಖವನ್ನೇ ನೋಡಿದಳು. ಆಮೇಲೆ ಕೇಳಿದಳು, "ನಾ ಸಮಾ ಹುಡುಕ್ಲಿಲ್ಲ ಅಂತ್ಹೇಳಿ ಅಪ್ಪ ಸತ್ತೋದ್ರಾ?" ಅಯ್ಯೋ, ಆ ಪ್ರಶ್ನೆ ಕೇಳಲು ನೀವು ಇರಬೇಕಿತ್ತು. ಎಲ್ಲ ನನಗೊಬ್ಬಳಿಗೇ ಬಿಟ್ಟು ಹೋದಿರಿ. ಅಲ್ಲ ಮಗಾ, ಅದು ಚಿತ್ರ, ಅದು ನಮ್ಮ ಕಡಲೇ ಅಲ್ಲ, ನೀನು ಸಮಾ ಹುಡುಕಿದೆ ಅಂತ ಎದೆಗೆ ಅವುಚಿಕೊಂಡು ಹೇಳುತ್ತಲೇ ಹೋದೆ.

ಆವತ್ತು ಅವಳು ಟೊಪ್ಪಿ ಬೇಡ ಅಂದಳು. ಹಿಮದ್ದೂ ಬೇಡ, ಯಾವುದೂ ಬೇಡ. ಡಾಕ್ಟರಮ್ಮ ಎಷ್ಟು ಹೇಳಿದರೂ ತಲೆ ಕೊಡಲಿಲ್ಲ. ಕಡೆಗೆ ಮದ್ದು ಕೊಟ್ಟು ಹಾಗೇ ಬಟ್ಟೆ ಬಿಡಿಸಿದರು. ಕೂಗಿದಳು ನೋಡಿ. ಇಷ್ಟು ತಿಂಗಳು ಒಳಗೆ ಇಟ್ಟುಕೊಂಡದ್ದೆಲ್ಲ ಒಂದೇ ಸಲ ಬಂತು. ಅಮ್ಮಾ ಅಂತ ಅಲ್ಲ, ಅಪ್ಪಾ ಅಂತ. ಹೊರಗೆ ಕೂತವರೆಲ್ಲ ಎದ್ದು ಬಾಗಿಲಿಗೆ ಬಂದರು. ನಾನು ಅವಳ ಕೈ ಹಿಡಿದುಕೊಂಡು ಅವಳಿಗಿಂತ ಜೋರಾಗಿ ಅತ್ತೆ. ನಿಮಗಾಗಿ ನಾವಿಬ್ಬರೂ ಸೇರಿ ಅತ್ತದ್ದು ಆ ಮೇಜಿನ ಹತ್ತಿರವೇ.

ಈಗ ಹುಣ್ಣು ಕೂಡುತ್ತಿದೆ. ಎಳೆ ಚರ್ಮ ಬಂದಿದೆ, ಕಾಲು ಮಡಚುತ್ತಾಳೆ. ಕಳೆದ ಸಲ ತಾನಾಗಿಯೇ ಹಿಮದ್ದು ಹಾಕಿ ಅಂದಳು. ಮಧ್ಯೆ ಒಮ್ಮೆ ನಕ್ಕಳು ಸಹ. ನೋವಾದಾಗ ಅಳುತ್ತಾಳೆ, ಎಲ್ಲ ಮಕ್ಕಳ ಹಾಗೆ ಅತ್ತು ಸುಮ್ಮನಾಗುತ್ತಾಳೆ. ಡಾಕ್ಟರಮ್ಮ ಈಗ ಟೊಪ್ಪಿ ಹಾಕುವ ಮೊದಲು ಪ್ರತಿ ಮಗುವಿನ ಹತ್ತಿರ ಕೂತು ಮನೆಯ ಸುದ್ದಿ ಕೇಳುತ್ತಾರೆ. ಅತ್ತೆಗೂ ಎಲ್ಲ ಹೇಳಿದೆ. ಅವರು ಏನೂ ಬೈಯಲಿಲ್ಲ, ಎರಡು ದಿನ ಗಂಜಿ ಮುಟ್ಟಲಿಲ್ಲ ಅಷ್ಟೆ.

ಅತ್ತೆಯ ಆಶೀರ್ವಾದ ನಿಮ್ಮ ತಲೆಯ ಮೇಲಿರಲಿ. ಪ್ರಿಯಾಳ ಮುದ್ದು. ಎಲ್ಲಿದ್ದರೂ ತಣ್ಣಗಿರಿ.

ನಿಮ್ಮ
ದೇವಿ

ತಾ.ಕ.: ಜಟ್ಟಿ ಮಾವನಿಗೆ ಆತು ಅಂದಿದ್ದೇನೆ. ಬರುವ ಗುರುವಾರ ಗೋಕರ್ಣದಲ್ಲಿ ನಿಮ್ಮ ಕ್ರಿಯೆ. ನೀವು ಎಲ್ಲಾದರೂ, ಯಾವುದಾದರೂ ದಡದಲ್ಲಿ, ಯಾರದಾದರೂ ಮನೆಯಲ್ಲಿ ಇದ್ದರೆ ಗುರುವಾರದೊಳಗೆ ಬಂದುಬಿಡಿ. ಮಗುವಿಗೆ ಅಪ್ಪ ಸತ್ತರು ಅಂತ ಹೇಳಿಬಿಟ್ಟಿದ್ದೇನೆ. ನೀವು ಬಂದರೆ ಊರೆಲ್ಲ ನನ್ನನ್ನು ಸುಳ್ಳುಗಾತಿ ಅನ್ನಲಿ, ಮಗಳು ಜನ್ಮವಿಡೀ ನನ್ನ ಮುಖ ನೋಡದಿರಲಿ, ಚಿಂತೆಯಿಲ್ಲ. ಬಂದು ನನ್ನ ಮಾತನ್ನು ಸುಳ್ಳು ಮಾಡಿ.