ಕರೆದವರಷ್ಟೇ ಆಡುವ ಪಂದ್ಯ

ರೋಣ

ಪ್ರಾಚಾರ್ಯರಿಗೆ ವಂದನೆಗಳು.

ಗಾದಿ ಹೊಲಿಯುವ ಮೌಲಾಸಾಬರ ಮಗಳು, ನಿಮ್ಮ ವಿದ್ಯಾರ್ಥಿನಿ ಹುಸ್ನಾ, ವಿದೇಶದಲ್ಲಿ ನಡೆಯುವ ಮಹಿಳೆಯರ ಆಹ್ವಾನಿತ ಫುಟ್‌ಬಾಲ್ ಪಂದ್ಯಾವಳಿಗೆ ಭಾರತ ತಂಡದ ಗೋಲ್‌ಕೀಪರ್ ಆಗಿ ಆಯ್ಕೆಯಾಗಿದ್ದಾಳೆ. ಅದೇ ವಾರ ಪ್ರಾಯೋಗಿಕ ಪರೀಕ್ಷೆಯೂ ಇದೆ. ಬೇರೆ ದಿನ ಕೊಡಿ ಎಂದು ಕೇಳಲು ಬಂದವಳಿಗೆ ನೀವು, "ಆಹ್ವಾನಿತ ಅಂದ್ರ ಕರದವರಷ್ಟ ಆಡೂದು. ಮದುವಿ ಊಟಕ್ಕ ಹೋಗಾಕ ಪರೀಕ್ಷಾ ಬಿಡ್ತೀಯೇನವಾ?" ಎಂದಿರಂತೆ. ಅಲ್ಲಿದ್ದವರೆಲ್ಲ ನಕ್ಕರಂತೆ.

ನನಗೆ ನಗು ಬರಲಿಲ್ಲ. ನೀವು ನರಗುಂದದಲ್ಲಿ ಓದುವಾಗ ಗಜೇಂದ್ರಗಡದವರು ನಿಮ್ಮ ತಂಡವನ್ನು ಕಬಡ್ಡಿಗೆ ಕರೆದಿದ್ದರು. ಅದೂ ಆಹ್ವಾನಿತ ಪಂದ್ಯವೇ. ನಿಮಗಾಗಿ ಕಾಲೇಜಿನವರು ಪರೀಕ್ಷೆ ಮುಂದೂಡಿದರು. ಗೆದ್ದು ಬಂದಾಗ ಹಲಗೆ ಬಾರಿಸಿ ಬಜಾರಿನ ತುಂಬ ಮೆರೆಸಿದೆವು. ಮಾಲೆ ಹಾಕಿದವರಲ್ಲಿ ನಾನೂ ಒಬ್ಬ. ಅಂದು ಯಾರೂ ಊಟದ ಮಾತು ಎತ್ತಲಿಲ್ಲ.

ವಾದ ಮಾಡುವ ಶಕ್ತಿ ನನಗೀಗ ಉಳಿದಿಲ್ಲ. ಅವಳಿಗೊಂದು ಬೇರೆ ದಿನ ಕೊಡಿ, ಸಾಕು.

ನಿನ್ನೆ ಅವಳು ಬಂದು, "ಅಜ್ಜಾರ, ನಾ ಬರಾಂಗಿಲ್ಲಂತ ಇಂಗ್ಲಿಷಿನ್ಯಾಗ ಬರದ ಕೊಡ್ರಿ. ಕರದವರಿಗೆ ಬ್ಯಾಸರಾಗಬಾರದು" ಎಂದಳು. ಕನ್ನಡಕ ಸಿಗುತ್ತಿಲ್ಲ ಎಂದು ಸುಳ್ಳು ಹೇಳಿ ಕಳಿಸಿದ್ದೇನೆ. ನಾಳೆ ಮತ್ತೆ ಬರುತ್ತಾಳೆ.

ನಿಮ್ಮ ಹಳೆಯ ಅಭಿಮಾನಿ,
ಮಹಾಲಿಂಗಪ್ಪ ಅಸೂಟಿ